ಹಾಲಸ್ವಾಮಿ ಹಾಕಿದ ಜಾಯಿಂಟು

ಸಂಡೂರಿನ ಬಾಡಿಗೆ ಮನೆ ಖಾಲಿ ಮಾಡಿ ಕಾವ್ಯ ಗಂಡನೊಂದಿಗೆ ಹೊಸಪೇಟೆಯ ಚಿತ್ತವಾಡ್ಗಿಯ ತವರುಮನೆಗೆ ಬಂದ ದಿನ, ಅವಳ ಅವ್ವ ಕೊಟ್ರಬಸಮ್ಮ ಬಾಗಿಲಲ್ಲಿ ನಿಂತು ಟೆಂಪೋದಿಂದ ಇಳಿಯುವ ಸಾಮಾನು ನೋಡುತ್ತಿದ್ದಳು. ಹಬ್ಬಕ್ಕೆ ಬರುವ ಮಗಳು ಕೈಯಲ್ಲೊಂದು ಚೀಲ ಹಿಡಿದು ಬರುತ್ತಾಳೆ. ಈ ಸಲ ಮಂಚ ಇಳಿಯಿತು, ಗ್ಯಾಸಿನ ಒಲೆ ಇಳಿಯಿತು, ನೀರಿನ ಡ್ರಮ್ಮು ಇಳಿಯಿತು. ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ಎಲ್ಲರಿಗೂ ಗೊತ್ತಾಗಿತ್ತು.

ಅಳಿಯ ಈಶ್ವರ್ ಒಂದು ಗಣಿ ಕಂಪನಿಯ ಆಫೀಸಿನ ದೊಡ್ಡ ಕಾರು ಓಡಿಸುತ್ತಿದ್ದ. ಆ ವರ್ಷಗಳಲ್ಲಿ ಅದಿರಿಗೆ ಚೀನಾದಲ್ಲಿ ಬೆಲೆ ಬಂದು, ಸಂಡೂರಿನ ಗುಡ್ಡಗಳಿಂದ ಇಳಿಯುವ ಲಾರಿಗಳ ಸಾಲು ಹೊಸಪೇಟೆ ಮುಟ್ಟುವವರೆಗೂ ಕಡಿಯುತ್ತಿರಲಿಲ್ಲ. ಆಫೀಸಿಗೆ ಬರುವ ಅತಿಥಿಗಳೂ ಹಾಗೆಯೇ. ಒಬ್ಬರನ್ನು ರೈಲಿಗೆ ಬಿಟ್ಟು, ಇನ್ನೊಬ್ಬರಿಗೆ ಹಂಪಿ ತೋರಿಸಿ, ಮತ್ತೊಬ್ಬರನ್ನು ಗಣಿಗೆ ಹತ್ತಿಸಿ ಈಶ್ವರ್ ಮನೆಯ ಕಡೆ ಮುಖ ಹಾಕುವ ಹೊತ್ತಿಗೆ ಮತ್ತೆ ಫೋನು ಬರುತ್ತಿತ್ತು. ಹೀಗೇ ಒಂದು ಬೆಳಿಗ್ಗೆ ಖಾಲಿ ಕಾರು ತೆಗೆದುಕೊಂಡು ಘಾಟು ಇಳಿಯುತ್ತಿದ್ದ. ತಿರುವಿಗೆ ಮೊದಲು ಗೇರು ಇಳಿಸಲು ಕ್ಲಚ್ ತುಳಿದ. ಆಗಲೇ ಎಂಜಿನ್ ನಿಂತುಹೋಯಿತು. ಸ್ಟೇರಿಂಗು ಬಿಗಿಯಿತು. ಬ್ರೇಕು ಎರಡು ಸಲ ತುಳಿಯುವುದರಲ್ಲಿ ಕಲ್ಲಿನಂತಾಯಿತು. ಕಾರು ತಿರುವಿನಲ್ಲಿ ತಿರುಗದೆ ರಸ್ತೆ ಬದಿಯ ಚಹದಂಗಡಿಗೆ ನುಗ್ಗಿತು. ಅಂಗಡಿಯ ಮೈಲಾರಲಿಂಗಪ್ಪ ಅಲ್ಲಿಯೇ ಸತ್ತ. ನೀರು ತರಲು ಕೊಡ ಹಿಡಿದು ಹೋಗಿದ್ದ ಅವನ ಹೆಂಡತಿ ಸುಂಕಲಮ್ಮ ಉಳಿದಳು.

ಇದು ಈಶ್ವರ್ ಹೇಳಿದ್ದು. ಪೊಲೀಸರು ಕಾರನ್ನು ಎಳೆದು ತಂದು ನಿಲ್ಲಿಸಿದ ಮೇಲೆ, ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ಕೀ ತಿರುಗಿಸಿದರು. ಒಂದೇ ಸಲಕ್ಕೆ ಚಾಲು ಆಯಿತು. ಬ್ರೇಕು ಸರಿ, ಸ್ಟೇರಿಂಗು ಸರಿ, ಗಾಡಿಯಲ್ಲಿ ದೋಷವಿಲ್ಲ ಎಂದು ಬರೆದರು. ಆಫೀಸಿನಲ್ಲಿ ಗಾಡಿಗಳ ಉಸ್ತುವಾರಿ ನೋಡುವ ಗವಿಸಿದ್ದಪ್ಪ, ಡ್ರೈವರ್ ತೂಕಡಿಸಿದ್ದಾನೆ ಎಂದು ಹೇಳಿಕೆ ಕೊಟ್ಟ. ಈಶ್ವರನಿಗೆ ಜಾಮೀನು ಸಿಕ್ಕಿತು, ಕೆಲಸ ಹೋಯಿತು.

ಮಾವ ಹಾಲಸ್ವಾಮಿ ಸಂಡೂರು ರಸ್ತೆಯಲ್ಲಿ ವಾಹನಗಳ ವೈರಿಂಗ್ ಅಂಗಡಿ ಇಟ್ಟು ಮುದುಕನಾದವನು. ಅಂಬಾಸಿಡರ್ ಕಾಲದಿಂದಲೂ ಅದೇ ಕೆಲಸ. ವೈರಿನಲ್ಲಿ ಕರೆಂಟು ಇದೆಯೇ ಎಂದು ನೋಡುವ ಒಂದು ಟೆಸ್ಟ್ ಲ್ಯಾಂಪು, ಒಂದು ಕಟಿಂಗ್ ಪ್ಲೇಯರು ಇದ್ದರೆ ಅವನಿಗೆ ಸಾಕು. ಅಳಿಯನಿಗೆ ಮನೆಯಲ್ಲಿ ಜಾಗ ಕೊಟ್ಟ, ತಟ್ಟೆಗೆ ಅನ್ನ ಕೊಟ್ಟ. ಆದರೆ ಊಟಕ್ಕೆ ಕೂತಾಗ ಸುಮ್ಮನಿರಲಾಗದೆ ಒಂದೊಂದು ಮಾತು ಬಿಡುತ್ತಿದ್ದ. ಗಾಡಿ ಬಡವ, ಅದಕ್ಕೆ ಬಾಯಿಲ್ಲ, ಎಲ್ಲರೂ ಅದರ ಮೇಲೆ ಹಾಕುತ್ತಾರೆ ಎನ್ನುತ್ತಿದ್ದ. ಆ ಕಾರು ತಾನೇ ರಿಪೇರಿ ಮಾಡಿ ಕಳಿಸಿದ್ದು, ಅದರ ಒಂದೊಂದು ವೈರೂ ತನಗೆ ಗೊತ್ತು ಎನ್ನುತ್ತಿದ್ದ.

ಒಂದು ದಿನ ಪುಂಡಿಪಲ್ಯದ ಜೊತೆ ರೊಟ್ಟಿ ಮುರಿಯುತ್ತಾ ನೇರವಾಗಿಯೇ ಕೇಳಿದ: "ಅಳಿಯಾರ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹಿಂದಿನ ದಿನ ನೀವು ನಿದ್ದಿ ಮಾಡಿದ್ರೇನು?"

"ಇಲ್ರಿ ಮಾವಾರ. ಗೆಸ್ಟ್ ಇದ್ರು."

"ಮತ್ತ. ಕಣ್ಣು ಮುಚ್ಚಿದ್ದು ಮುಚ್ಚಿದಾವಗ ಗೊತ್ತಾಗಂಗಿಲ್ಲ."

ಈಶ್ವರ್ ತಟ್ಟೆ ನೋಡುತ್ತಾ ಕೂತ. ಕಾವ್ಯ ಒಳಗಿನಿಂದ ಬಂದು ಅಪ್ಪನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು, ಹಾಕಿದ್ದು ಸ್ವಲ್ಪ ಜೋರಾಗಿಯೇ ಇತ್ತು. ಊಟವಾದ ಮೇಲೆ ಈಶ್ವರ್ ಅವಳನ್ನು ಕರೆದು, ಮಾವ ಹೇಳುವುದರಲ್ಲಿ ನಿಜವಿರಬಹುದು, ಎಂಜಿನ್ ನಿಂತಿತು ಅಂತ ನನಗೆ ಅನಿಸಿದ್ದು ಎಚ್ಚರಾದ ಮೇಲಿರಬಹುದು ಎಂದ. ಕಾವ್ಯ ಅವನ ಬಾಯಿ ಮುಚ್ಚಿಸಿದಳು. ಆದರೆ ವಾರ ಕಳೆಯುವುದರಲ್ಲಿ ಅವನು ಆ ಬೆಳಗ್ಗೆಯ ಬಗ್ಗೆ ಹೇಳುವ ಧಾಟಿಯೇ ಬದಲಾಯಿತು. ಮೊದಲು 'ಎಂಜಿನ್ ನಿಂತಿತು' ಎನ್ನುತ್ತಿದ್ದವನು 'ನಿಂತಂಗಾತು' ಎನ್ನತೊಡಗಿದ. ಬರಬರುತ್ತಾ ಅದನ್ನೂ ಬಿಟ್ಟ. ಬೆಳಿಗ್ಗೆ ಎದ್ದು ನಲ್ಲಿಯ ನೀರು ಹಿಡಿದು, ಅತ್ತೆ ಹೇಳಿದ ಕಾಳು-ಬೇಳೆ ತಂದುಕೊಟ್ಟು, ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಹೆಂಡತಿಗೂ ಹೇಳದೆ ಒಮ್ಮೆ ಘಾಟಿಗೆ ಹೋಗಿ, ಸುಂಕಲಮ್ಮನ ಕಾಲಿಗೆ ಬಿದ್ದು ಬಂದಿದ್ದ.

ಕಾವ್ಯಳನ್ನು ಬಿಟ್ಟರೆ ಈ ಮನೆಯಲ್ಲಿ ಅವನ ಮಾತನ್ನು ನಂಬಿದ್ದವನು ಅವಳ ತಮ್ಮ ಮಲ್ಲೇಶ್ ಒಬ್ಬನೇ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಅಪ್ಪನ ಅಂಗಡಿಯಲ್ಲೇ ಕೂತವನು. ಹೊಸ ಕಾರುಗಳ ಎಂಜಿನ್ ಕಂಪ್ಯೂಟರಿನಿಂದ ನಡೆಯುತ್ತದೆ, ಟೆಸ್ಟ್ ಲ್ಯಾಂಪು ಹಿಡಿದು ನೋಡಿದರೆ ಅದರ ಕಾಯಿಲೆ ಗೊತ್ತಾಗುವುದಿಲ್ಲ ಎಂದು ಹಟ ಹಿಡಿದು, ಬೆಂಗಳೂರಿನ ಹಳೆ ಸಾಮಾನಿನ ಅಂಗಡಿಯಿಂದ ಒಂದು ಆಸಿಲೋಸ್ಕೋಪು ತಂದಿದ್ದ. ಸಣ್ಣ ಟಿ.ವಿ.ಯಷ್ಟು ಭಾರ, ಅಂಗೈಯಗಲ ಪರದೆ. ವೈರಿಗೆ ಅದರ ಮುಳ್ಳು ಚುಚ್ಚಿದರೆ, ಒಳಗೆ ಹರಿಯುವ ಕರೆಂಟು ಹಸಿರು ಗೆರೆಯಾಗಿ ಏರಿಳಿಯುತ್ತಾ ಕಾಣುತ್ತಿತ್ತು. ಹಾಲಸ್ವಾಮಿಗೆ ಅದನ್ನು ಕಂಡರಾಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಸಾಯುವವರಿಗೆ ಹಚ್ಚುವ ಮಿಷಿನ್ನು ಅಂಗಡಿಯಲ್ಲೇಕೆ ಎಂದು ಬೈಯುತ್ತಿದ್ದ.

ಆ ಕಾರು ಅಪಘಾತಕ್ಕೆ ಕೆಲವು ವಾರ ಮೊದಲು ಇದೇ ಅಂಗಡಿಗೆ ಬಂದಿತ್ತು. ಎಂಜಿನ್ನಿನ ದೀಪ ಹತ್ತಿ ಆರುತ್ತದೆ, ಒಮ್ಮೊಮ್ಮೆ ಜರ್ಕ್ ಹೊಡೆಯುತ್ತದೆ ಎಂದು ಈಶ್ವರನೇ ತಂದಿದ್ದ. ಒಂದು ದಿನ ಬಿಟ್ಟು ಹೋಗಲಿ, ಬಿಸಿಯಾದ ಮೇಲೆ ಸ್ಕೋಪು ಹಾಕಿ ನೋಡುತ್ತೇನೆ ಎಂದು ಮಲ್ಲೇಶ್ ಹೇಳಿದ. ಗವಿಸಿದ್ದಪ್ಪನ ಫೋನು ಮೇಲಿಂದ ಮೇಲೆ ಬರುತ್ತಿತ್ತು. ಹಾಲಸ್ವಾಮಿ ಬಾನೆಟ್ಟಿನೊಳಗೆ ಕೈಹಾಕಿ, ಎಂಜಿನ್ ಮೈಗೆ ತಿಕ್ಕಿ ಸವೆದಿದ್ದ ಒಂದು ವೈರು ಹುಡುಕಿದ. ಕರೆಂಟು ಹೋಗಿತ್ತು, ಬೆಸುಗೆ ಹಾಕುವಂತಿರಲಿಲ್ಲ. ವೈರನ್ನು ಹೊಸೆದು, ಟೇಪು ಸುತ್ತಿ, ಮೇಲೊಂದು ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಬಾನೆಟ್ಟು ಹಾಕಿದ. ಅವನು ಎಲ್ಲ ಜಾಯಿಂಟಿಗೂ ಟ್ಯೂಬಿನ ಪಟ್ಟಿ ಬಿಗಿಯುತ್ತಿದ್ದ. ಹೊಸಪೇಟೆಯಲ್ಲಿ ಇನ್ಯಾರೂ ಹಾಗೆ ಮಾಡುತ್ತಿರಲಿಲ್ಲ.

ಪೊಲೀಸರು ಕಾರು ಬಿಟ್ಟುಕೊಟ್ಟ ಮೇಲೆ ಗವಿಸಿದ್ದಪ್ಪ ಅದರ ತಗಡು ನೆಟ್ಟಗೆ ಮಾಡಿಸಿ, ಮುಂದಿನ ದೀಪಗಳ ವೈರಿಂಗಿಗೆಂದು ಮತ್ತೆ ಹಾಲಸ್ವಾಮಿಯ ಅಂಗಡಿಗೇ ಕಳಿಸಿದ. ಅನಂತಪುರದ ಕಡೆಯ ಒಬ್ಬರಿಗೆ ಮಾರುವುದಾಗಿತ್ತು. ಹಾಲಸ್ವಾಮಿ ಆ ದಿನ ಕಂಪ್ಲಿಗೆ, ನೆಂಟರ ಮದುವೆಗೆ ಹೋಗಿದ್ದ. ಈಶ್ವರ್ ಕಾರು ಬಂದಿದೆ ಎಂದು ತಿಳಿದು ಅಂಗಡಿಯ ಕಡೆ ಸುಳಿಯಲಿಲ್ಲ. ಮಧ್ಯಾಹ್ನ ಕಾವ್ಯ ತಮ್ಮನಿಗೆ ಊಟ ತಂದಳು.

ಮಲ್ಲೇಶ್ ಎಂಜಿನ್ ಚಾಲು ಮಾಡಿ, ಅದರ ತಿರುಗುವಿಕೆಯನ್ನು ಅಳೆದು ಕಂಪ್ಯೂಟರಿಗೆ ತಿಳಿಸುವ ಸೆನ್ಸರಿನ ವೈರಿಗೆ ಸ್ಕೋಪಿನ ಮುಳ್ಳು ಚುಚ್ಚಿದ್ದ. ಪರದೆಯ ಮೇಲೆ ಗರಗಸದಂತೆ ಹಲ್ಲುಗಳ ಸಾಲು ಓಡುತ್ತಿತ್ತು. ನಡುನಡುವೆ ಒಂದೊಂದು ಕಿಂಡಿ. ಅದು ಇರಬೇಕಾದ ಕಿಂಡಿಯೇ, ಎಂಜಿನ್ ಒಂದು ಸುತ್ತು ಮುಗಿಸಿತು ಎಂಬ ಗುರುತು ಎಂದು ಅಕ್ಕನಿಗೆ ಹೇಳಿದ. ಈ ಹಲ್ಲುಗಳು ಕಾಣದೆ ಹೋದರೆ ಎಂಜಿನ್ ನಿಂತುಬಿಡುತ್ತದೆ ಎಂದೂ ಹೇಳಿದ. ಸ್ಕೋಪಿನ ವೈರು ಹೊರಗೆಳೆದು ಬಾನೆಟ್ಟು ಇಳಿಬಿಟ್ಟ, ಒಳಗೆ ಶಾಖ ತುಂಬಲಿ ಎಂದು. ಆಮೇಲೆ ಕೈ ತೊಳೆದು ಊಟಕ್ಕೆ ಕೂತ. ಕಾವ್ಯ ಸ್ಟೂಲಿನ ಮೇಲೆ ಕೂತು ಪರದೆ ನೋಡುತ್ತಿದ್ದಳು.

ಅವನು ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳುವ ಹೊತ್ತಿಗೆ ಅವಳು ಮೆಲ್ಲಗೆ ಅಂದಳು: "ಲೇ ಮಲ್ಲೇಶ, ಹಲ್ಲು ಬೀಳಾಕತ್ತಾವು ನೋಡು."

ಅವನು ಎಂಜಲು ಕೈಯಲ್ಲೇ ಎದ್ದು ಬಂದ. ಸಾಲಿನಲ್ಲಿ ಕಿಂಡಿ ಇರಬಾರದಲ್ಲಿ ಕಿಂಡಿ. ಒಂದು ಹಲ್ಲು, ಆಮೇಲೆ ನಾಲ್ಕಾರು, ಮತ್ತೆ ಎಲ್ಲ ಕೂಡಿಕೊಂಡವು. ಎಂಜಿನ್ ಒಮ್ಮೆ ತಡವರಿಸಿತು. ಆಮೇಲೆ ಗೆರೆ ನೆಟ್ಟಗೆ ಮಲಗಿತು. ಎಂಜಿನ್ ನಿಂತಿತು. ರಸ್ತೆಯ ಮೇಲಿನ ಲಾರಿಗಳ ಸದ್ದು ಮಾತ್ರ ಉಳಿಯಿತು.

ಕೀ ತಿರುಗಿಸಿದರೆ ಕಾರು ಚಾಲು ಆಗಲಿಲ್ಲ. ಬಾನೆಟ್ಟು ತೆಗೆದು ಆರಲು ಬಿಟ್ಟ ಮೇಲೆ ಒಂದೇ ಸಲಕ್ಕೆ ಚಾಲು ಆಯಿತು, ಇನ್ಸ್‌ಪೆಕ್ಟರಿಗೆ ಆದ ಹಾಗೆಯೇ. ಮಲ್ಲೇಶ್ ಮತ್ತೆ ಬಿಸಿ ಮಾಡಿದ, ಮತ್ತೆ ನಿಂತಿತು. ಕಾವ್ಯಳ ಕಣ್ಣಲ್ಲಿ ನೀರು ಬಂತು, ಮುಖದಲ್ಲಿ ನಗುವಿತ್ತು. ಅವರು ಮಲಗಿರಲಿಲ್ಲ, ಮಲಗಿರಲಿಲ್ಲ ಎಂದು ಎರಡು ಸಲ ಅಂದಳು. ಮಲ್ಲೇಶ್ ವೈರಿನ ಗುಂಟ ಬೆರಳಾಡಿಸುತ್ತಾ ಕೆಳಗೆ ಹೋದ. ಎಂಜಿನ್ನಿನ ಹಿಂಭಾಗದಲ್ಲಿ ಅವನ ಬೆರಳು ನಿಂತಿತು. ಅಲ್ಲಿ ಅಲುಗಿಸಿದರೆ ಹಲ್ಲುಗಳು ಬೀಳುತ್ತಿದ್ದವು, ಬಿಟ್ಟರೆ ಕೂಡುತ್ತಿದ್ದವು. ಟಾರ್ಚು ಹಾಕಿ ನೋಡಿದ. ಅಕ್ಕನನ್ನು ಕರೆದು ಅವಳಿಗೂ ತೋರಿಸಿದ. ಸೈಕಲ್ ಟ್ಯೂಬಿನ ಪಟ್ಟಿ.

ಕಾರನ್ನು ಹೀಗೇ ಇಟ್ಟು ವಕೀಲರನ್ನು ಕರೆದು ತೋರಿಸೋಣವೇ ಎಂದು ಕಾವ್ಯ ಕೇಳಿದಾಗ, ಅಪ್ಪ ಬರಲಿ, ಅಪ್ಪನಿಗೆ ಮೊದಲು ಹೇಳೋಣ ಎಂದು ಮಲ್ಲೇಶನೇ ಅಂದ. ಆಮೇಲೆ ಎಷ್ಟೋ ದಿನ ಅವನು ಆ ಒಂದು ಮಾತನ್ನು ನೆನೆಸಿ ಹಣೆ ಚಚ್ಚಿಕೊಂಡ.

ಸಂಜೆ ಹಾಲಸ್ವಾಮಿ ಬಸ್ಸಿಳಿದು ನೇರ ಅಂಗಡಿಗೆ ಬಂದ. ಮೈಮೇಲೆ ಮದುವೆಯ ಬಿಳಿ ಅಂಗಿ, ಕೈಯಲ್ಲಿ ಎಲೆ-ಅಡಿಕೆಯ ಚೀಲ. ಮಲ್ಲೇಶ್ ಎಂಜಿನ್ ಚಾಲು ಮಾಡಿ ಪರದೆ ತೋರಿಸಿದ, ಬೆರಳಿಟ್ಟು ಜಾಯಿಂಟು ಅಲುಗಿಸಿದ. ಗೆರೆ ಮಲಗಿತು, ಎಂಜಿನ್ ನಿಂತಿತು. ಹಾಲಸ್ವಾಮಿ ಇನ್ನೊಮ್ಮೆ ಮಾಡು ಎಂದ. ಇನ್ನೊಮ್ಮೆ ನಿಂತಿತು. ಅವನು ಬಾನೆಟ್ಟಿನೊಳಗೆ ಬಾಗಿ ಟ್ಯೂಬಿನ ಪಟ್ಟಿ ಮುಟ್ಟಿ ನೋಡಿದ. ನೆಟ್ಟಗೆ ನಿಂತು, ಗೋಡೆಯ ಮೊಳೆಯಿಂದ ಪ್ಲೇಯರು ತೆಗೆದುಕೊಂಡ. ಇಬ್ಬರೂ ನೋಡುತ್ತಿದ್ದಂತೆಯೇ ಆ ಜಾಯಿಂಟನ್ನು ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ಕತ್ತರಿಸಿ ತೆಗೆದ.

"ಅಪ್ಪಾ, ಅದನ್ಯಾಕ ಕತ್ತರಿಸಿದಿ?" ಎಂದಳು ಕಾವ್ಯ.

"ಕೆಟ್ಟಿದ್ದು ಕಂಡಮ್ಯಾಲ ಹಂಗ ಬಿಡಾಕ ಬರತೈತೇನು?"

ಬೆಸುಗೆಯ ಕಡ್ಡಿ ಕಾಯಿಸಿ, ಹೊಸ ವೈರು ಸೇರಿಸಿ, ಬೆಸುಗೆ ಹಾಕಿದ. ಬೆಸುಗೆ ಚೆನ್ನಾಗಿ ಕೂತಿತು. ಮಲ್ಲೇಶ್ ಎಷ್ಟು ಬಿಸಿ ಮಾಡಿದರೂ ಕಾರು ನಿಲ್ಲಲಿಲ್ಲ. ಹಾಲಸ್ವಾಮಿ ಹೆದರಿ ಕತ್ತರಿಸಿದನೋ, ಇಡೀ ಆಯುಷ್ಯ ಮಾಡಿದ ಕೆಲಸದ ರೂಢಿಯಲ್ಲಿ ಕೈ ತಾನಾಗಿ ಹೋಯಿತೋ, ಮಕ್ಕಳಿಗೆ ಕೊನೆಗೂ ತಿಳಿಯಲಿಲ್ಲ. ಬಹುಶಃ ಅವನಿಗೂ ತಿಳಿದಿರಲಿಲ್ಲ.

ಕತ್ತರಿಸಿದ ತುಂಡನ್ನು ಅವನು ಅಂಗಿಯ ಜೇಬಿಗೆ ಹಾಕಿಕೊಂಡಿದ್ದ. ಮನೆಗೆ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಅಡುಗೆಮನೆಯಲ್ಲಿ ಕಾವ್ಯ ಅವ್ವನಿಗೆ ಎಲ್ಲ ಹೇಳಿದಳು. ಕೊಟ್ರಬಸಮ್ಮ ಕೇಳುತ್ತಾ ಕೇಳುತ್ತಾ ಹಿಟ್ಟು ನಾದುವುದನ್ನು ನಿಲ್ಲಿಸಿದಳು. ಮರುದಿನ ಬೆಳಿಗ್ಗೆ ಕಾವ್ಯ ಆ ತುಂಡು ಹುಡುಕಿದರೆ, ಅಂಗಿ ಒಗೆದು ಹಗ್ಗದ ಮೇಲಿತ್ತು.

"ಜೇಬಿನ್ಯಾಗ ರಬ್ಬರಿನ ತುಂಡು ಇತ್ತು," ಎಂದಳು ಕೊಟ್ರಬಸಮ್ಮ. "ನೀರಿನ ಒಲಿಗೆ ಹಾಕಿದೆ."

"ಅದೇನಂತ ನಿನಗ ಗೊತ್ತಿತ್ತಲ್ಲವ್ವ."

"ನನಗ ಏನು ಗೊತ್ತಾಗತೈತಿ ವೈರಿಂದು?" ಎಂದು ಅವಳು ಹಂಡೆಯಿಂದ ನೀರು ತೋಡತೊಡಗಿದಳು. ಸುಟ್ಟ ರಬ್ಬರಿನ ವಾಸನೆ ಬಚ್ಚಲಿನಿಂದ ಇನ್ನೂ ಬರುತ್ತಿತ್ತು.

ಕಾವ್ಯ ಕಟ್ಟೆಗೆ ಹೋಗಿ ಗಂಡನ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಹಲ್ಲುಗಳು ಬಿದ್ದದ್ದು, ಗೆರೆ ಮಲಗಿದ್ದು, ಟ್ಯೂಬಿನ ಪಟ್ಟಿ, ಪ್ಲೇಯರು, ಒಲೆ. ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದಳು. ಅವನು ಅಂಗೈ ನೋಡಿಕೊಳ್ಳುತ್ತಾ ಮಕ್ಕಳಂತೆ ಕೇಳಿದ: "ಹಂಗಾರ ನಾ ಮಲಗಿರಲಿಲ್ಲೇನು?"

"ಇಲ್ಲ. ನಾ ಕಣ್ಣಾರೆ ನೋಡೀನಿ."

ಅವನು ಎದ್ದು ಹಿತ್ತಲಿಗೆ ಹೋದ. ನಲ್ಲಿಯ ನೀರು ಬಹಳ ಹೊತ್ತು ಸುರಿಯುತ್ತಿದ್ದ ಸದ್ದು ಕೇಳಿಸಿತು.

ಆ ದಿನದಿಂದ ಮನೆ ಎರಡಾಯಿತು. ಕಾವ್ಯ ತನ್ನ ಗ್ಯಾಸಿನ ಒಲೆಯನ್ನು ಪಡಸಾಲೆಯ ಮೂಲೆಯಲ್ಲಿಟ್ಟು ಬೇರೆ ಅಡುಗೆ ಮಾಡತೊಡಗಿದಳು. ಒಳಗೆ ಅವ್ವ ಜುಣಕ ಮಾಡಿದರೆ ಹೊರಗೆ ಮಗಳು ಬೇಳೆ ಕುದಿಸುತ್ತಿದ್ದಳು. ಮಲ್ಲೇಶ್ ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ ಉಣ್ಣುತ್ತಿದ್ದ, ಎರಡು ಕಡೆಯೂ ಅರ್ಧಕ್ಕೇ ಏಳುತ್ತಿದ್ದ. ಹಾಲಸ್ವಾಮಿಯ ತಟ್ಟೆಗೆ ಬಡಿಸುವ ಮುನ್ನ ಕೊಟ್ರಬಸಮ್ಮ ಪಡಸಾಲೆಯ ಕಡೆ ನೋಡುತ್ತಿದ್ದಳು. ಅವನು ಕಾರಿನ ಮಾತನ್ನು ಪೂರ್ತಿ ಬಿಟ್ಟಿದ್ದ. ಅಳಿಯನ ಎದುರು ಬಂದರೆ ದಾರಿ ಬಿಟ್ಟು ಗೋಡೆಗೆ ಸರಿಯುತ್ತಿದ್ದ.

ಕಾರು ಅನಂತಪುರದ ಕಡೆ ಹೋಯಿತು. ಗವಿಸಿದ್ದಪ್ಪ ಬಂದು ತೆಗೆದುಕೊಂಡು ಹೋಗುವಾಗ ಮಲ್ಲೇಶ್ ಎಲ್ಲವನ್ನೂ ಹೇಳಲು ಬಾಯಿ ತೆರೆದ. ಅಪ್ಪ ಅಲ್ಲೇ ನಿಂತಿದ್ದ. ಬಾಯಿ ಮುಚ್ಚಿದ.

ಮಲ್ಲೇಶ್ ಅದನ್ನು ಪಡಸಾಲೆಯಲ್ಲಿ ಹೇಳಿದಾಗ ಕಾವ್ಯ ಒಲೆ ಆರಿಸಿ ಎದ್ದಳು. ಒಳಗೆ ಹೋಗಿ, ಊಟಕ್ಕೆ ಕೂತಿದ್ದ ಅಪ್ಪನ ಎದುರು ನಿಂತು, ಮದುವೆಯಾದ ಮೇಲೆ ತಾನು ಈ ಮನೆಯಿಂದ ಏನನ್ನೂ ಕೇಳಿಲ್ಲ, ಈಗ ಒಂದು ಮಾತು ಕೇಳುತ್ತೇನೆ, ಕೋರ್ಟಿಗೆ ಬಂದು ನಿಜ ಹೇಳಬೇಕು ಎಂದಳು. ಹಾಲಸ್ವಾಮಿ ತುತ್ತು ಕೈಯಲ್ಲೇ ಹಿಡಿದು ಕೂತ. ಉತ್ತರ ಕೊಟ್ಟವಳು ಕೊಟ್ರಬಸಮ್ಮ.

"ಆ ಮನಷ್ಯಾನ ವಯಸ್ಸು ನೋಡು. ಜೈಲಿಗೆ ಹಾಕಿದ್ರ ಹೆಣಾನ ಬರತೈತಿ."

"ನನ್ನ ಗಂಡನ ವಯಸ್ಸು ಜೈಲಿಗೆ ಹೋಗೋ ವಯಸ್ಸೇನವ್ವ?"

"ನಾ ಹಂಗಂದ್ನೇನು?"

"ಹಂಗ ಅಂದಿ. ಒಲಿಗೆ ಹಾಕಿದಾಗ ಅಂದಿ."

ಕೊಟ್ರಬಸಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಹಾಲಸ್ವಾಮಿ ತುತ್ತನ್ನು ತಟ್ಟೆಯಲ್ಲಿಟ್ಟು ಕೈ ತೊಳೆದ. ಇನ್ನೂ ಕೆಲವು ದಿನ ಹೀಗೇ ಕಳೆದವು. ಅಂಗಡಿಗೆ ಹೋಗುತ್ತಿದ್ದ, ಬರುತ್ತಿದ್ದ. ರಿಪೇರಿಗೆ ಬಂದ ಗಾಡಿಗಳಲ್ಲಿ ತಾನು ಹಿಂದೆ ಹಾಕಿದ ಟ್ಯೂಬಿನ ಪಟ್ಟಿ ಕಂಡರೆ ಬಿಚ್ಚಿ, ಕೇಳದಿದ್ದರೂ ಬೆಸುಗೆ ಹಾಕಿ ಕಳಿಸುತ್ತಿದ್ದ. ಗಾಡಿಯವರು ಕಾಯಬೇಕಾಗಿ ಗೊಣಗುತ್ತಿದ್ದರು.

ಆಮೇಲೆ ಒಂದು ಬೆಳಿಗ್ಗೆ ಮಗನನ್ನು ಕರೆದು, ವಕೀಲರ ಹತ್ತಿರ ಹೋಗೋಣ ನಡಿ ಎಂದ. ಕೊಟ್ರಬಸಮ್ಮ ಬಾಗಿಲಿಗೆ ಅಡ್ಡ ನಿಂತಳು. ಅವನು ಅವಳ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೊರಬಿದ್ದ. ಕಾವ್ಯ, ಈಶ್ವರ್ ಇಬ್ಬರೂ ಹಿಂದೆ ಹೋದರು.

ಈಶ್ವರನ ಕೇಸು ನೋಡುತ್ತಿದ್ದ ಭಾರ್ಗವ್ ವಕೀಲರ ಕೋಣೆಯಲ್ಲಿ ಹಾಲಸ್ವಾಮಿ ನಿಂತುಕೊಂಡೇ ಹೇಳಿದ. ತಪ್ಪು ತನ್ನದು, ಹೊಸೆದು ಬಿಟ್ಟ ಜಾಯಿಂಟು ಬಿಸಿಗೆ ಸಡಿಲಾಗಿ ಎಂಜಿನ್ ನಿಂತಿದೆ, ಡ್ರೈವರಿನ ತಪ್ಪಿಲ್ಲ, ಎಲ್ಲಿ ಸಹಿ ಹಾಕಬೇಕೋ ಹಾಕುತ್ತೇನೆ ಎಂದ. ವಕೀಲರು ಕೆಟ್ಟವರಲ್ಲ. ಕೂರಿಸಿ, ನೀರು ತರಿಸಿ ಕೊಟ್ಟು, ಒಂದೊಂದಾಗಿ ಕೇಳಿದರು. ಆ ಜಾಯಿಂಟು ಎಲ್ಲಿದೆ? ಸುಟ್ಟುಹೋಯಿತು. ಮಿಷಿನ್ನಿನಲ್ಲಿ ಕಂಡದ್ದರ ಫೋಟೋ ಇದೆಯೇ? ಆ ಹಳೆಯ ಸ್ಕೋಪಿನಲ್ಲಿ ಯಾವುದೂ ಉಳಿಯುವುದಿಲ್ಲ, ಮಲ್ಲೇಶನ ಫೋನಿನಲ್ಲಿ ಕ್ಯಾಮೆರಾ ಇರಲಿಲ್ಲ. ಕಣ್ಣಾರೆ ನೋಡಿದವರು ಯಾರು? ಆರೋಪಿಯ ಹೆಂಡತಿ, ಹೆಂಡತಿಯ ತಮ್ಮ.

ಕಾರನ್ನು ಅನಂತಪುರದಿಂದ ತರಿಸಬಹುದಲ್ಲ ಎಂದು ಕಾವ್ಯ ಕೇಳಿದಳು.

"ತರಿಸಬಹುದಮ್ಮ," ಎಂದರು ವಕೀಲರು. "ಆದರೆ ಈಗ ಆ ಗಾಡಿ ಎಲ್ಲೂ ನಿಲ್ಲೋದಿಲ್ಲ. ನಿಮ್ಮ ತಂದೆಯವರು ಚೆನ್ನಾಗಿ ರಿಪೇರಿ ಮಾಡಿದ್ದಾರೆ."

ಹಾಲಸ್ವಾಮಿ ಅಲ್ಲಿಂದ ಒಬ್ಬನೇ ಗಣಿ ಆಫೀಸಿಗೆ ಹೋದ. ಗವಿಸಿದ್ದಪ್ಪ ಅವನ ಮಾತು ಪೂರ್ತಿ ಕೇಳಿ, ಚಹ ಕುಡಿಸಿ, ಅಳಿಯನನ್ನು ಉಳಿಸಲು ಯಾವ ಮಾವನಾದರೂ ಹೀಗೆಯೇ ಹೇಳುತ್ತಾನೆ, ತಪ್ಪು ತಿಳಿಯುವುದಿಲ್ಲ ಎಂದ. ನಿಜವಾಗಿಯೂ ನನ್ನದೇ ತಪ್ಪು ಎಂದು ಹಾಲಸ್ವಾಮಿ ಪಟ್ಟು ಹಿಡಿದಾಗ ಅವನ ಮುಖ ಬದಲಾಯಿತು. ಹಾಗಿದ್ದರೆ ಇನ್ನು ಮೇಲೆ ನಮ್ಮ ಗಾಡಿಗಳನ್ನು ನಿಮ್ಮಲ್ಲಿಗೆ ಹೇಗೆ ಕಳಿಸುವುದು ಎಂದ. ಆ ವಾರದಿಂದ ಆಫೀಸಿನ ಗಾಡಿಗಳು ಬರುವುದು ನಿಂತಿತು. ಅದನ್ನು ನೋಡಿ ಬೇರೆಯವರೂ ಬರುವುದು ಬಿಟ್ಟರು. ಹಾಲಸ್ವಾಮಿಯ ಮಾತನ್ನು ಕೋರ್ಟು ನಂಬುವಂತಿರಲಿಲ್ಲ, ಗಿರಾಕಿಗಳು ಮಾತ್ರ ನಂಬಿದರು.

ವಕೀಲರು ಈಶ್ವರನಿಗೆ ಎರಡು ದಾರಿ ಹೇಳಿದ್ದರು. ಕೇಸು ನಡೆಸಿದರೆ ವರ್ಷಗಟ್ಟಲೆ ಎಳೆಯುತ್ತದೆ, ಅಲ್ಲಿಯವರೆಗೆ ಯಾರೂ ಸ್ಟೇರಿಂಗು ಕೊಡುವುದಿಲ್ಲ, ಮಾವನನ್ನು ಕಟಕಟೆಗೆ ಹತ್ತಿಸಿ ಎದುರು ಪಕ್ಷದವರು ಹಿಂಡುತ್ತಾರೆ. ತಪ್ಪೊಪ್ಪಿಕೊಂಡರೆ ಒಂದೇ ದಿನದಲ್ಲಿ ಮುಗಿಯುತ್ತದೆ, ಬಹುಶಃ ದಂಡದಲ್ಲೇ ಹೋಗುತ್ತದೆ. ಒಪ್ಪಿಕೊಳ್ಳಬಾರದು ಎಂದು ಕಾವ್ಯ ಹಟ ಹಿಡಿದಳು. ಮಾಡದ ತಪ್ಪನ್ನು ಮೈಮೇಲೆ ಎಳೆದುಕೊಂಡರೆ ಜನ ಸಾಯುವತನಕ ಅದನ್ನೇ ಹೇಳುತ್ತಾರೆ ಎಂದಳು.

ಕಾವ್ಯ ಕುಡಿಯುವ ನೀರಿಗೆ ಹೋಗಿದ್ದಾಗ ಕೊಟ್ರಬಸಮ್ಮ ಒಂದು ತಟ್ಟೆಯಲ್ಲಿ ಒಗ್ಗರಣೆ ಮಂಡಕ್ಕಿ ಹಾಕಿಕೊಂಡು ಕಟ್ಟೆಗೆ ಬಂದಳು. ಅಳಿಯನ ಮುಂದಿಟ್ಟು, ಮಾತಾಡುವ ಮೊದಲೇ ಅತ್ತಳು.

"ನಾ ಕೇಳಬಾರದು ಅಳಿಯಾರ. ಕೇಳಾಕ ಬಾಯಿ ಬರವಲ್ದು. ಆದ್ರ ಅವರು ಉಣ್ಣವಲ್ರು, ಮಲಗವಲ್ರು. ಕೋರ್ಟಿನ್ಯಾಗ ನಿಂದ್ರಿಸಿದ್ರ ಅಲ್ಲೇ ಬಿದ್ದು ಹೋಗ್ತಾರ."

"ಅಳಬ್ಯಾಡ್ರಿ ಅತ್ತಿ," ಎಂದ ಈಶ್ವರ್. "ಸ್ಟೇರಿಂಗ್ ನನ್ನ ಕೈಯಾಗ ಇತ್ತು. ಕ್ಲಚ್ ಬಿಟ್ಟಿದ್ರ ಎಂಜಿನ್ ಮತ್ತ ಹಿಡಕೊಂತಿತ್ತೇನೋ. ನನಗ ಹೊಳಿಲಿಲ್ಲ."

ಕೊಡ ಹೊತ್ತು ಬಾಗಿಲಿಗೆ ಬಂದಿದ್ದ ಕಾವ್ಯ ಇದನ್ನೆಲ್ಲ ಕೇಳಿಸಿಕೊಂಡಳು. ಅವಳು ಜಗಳವಾಡಲಿಲ್ಲ. ಕೊಡ ಇಳಿಸಿ, ಅವ್ವ ತಂದಿಟ್ಟ ತಟ್ಟೆಯನ್ನು ಎತ್ತಿಕೊಂಡು ಹೋಗಿ, ಮಂಡಕ್ಕಿಯನ್ನು ಬೀದಿಯ ಆಡಿಗೆ ಸುರಿದಳು.

ಸಂಡೂರಿನ ಕೋರ್ಟಿನಲ್ಲಿ ಈಶ್ವರ್ ತಪ್ಪು ನನ್ನದೇ ಎಂದ. ಒತ್ತಾಯದಿಂದ ಹೇಳುತ್ತಿದ್ದೀಯಾ ಎಂದು ಜಡ್ಜ್ ಕೇಳಿದರು. ಇಲ್ರಿ ಎಂದ. ಹಾಲಸ್ವಾಮಿ ಹಿಂದಿನ ಬೆಂಚಿನಿಂದ ಎದ್ದು ನಿಂತು ಏನೋ ಹೇಳಲು ಹೋದ. ಪೇದೆಯೊಬ್ಬ ಬಂದು ಕೈ ಹಿಡಿದು ಕೂರಿಸಿದ. ಒಬ್ಬ ಮನುಷ್ಯನ ಪ್ರಾಣ ಹೋಗಿದೆ, ದಂಡವೊಂದೇ ಸಾಲದು ಎಂದು ಆರು ತಿಂಗಳ ಸಜೆಯಾಯಿತು. ವಕೀಲರು ಮೇಲಿನ ಕೋರ್ಟಿಗೆ ಹೋಗೋಣ ಎಂದರು. ಈಶ್ವರ್ ಬೇಡವೆಂದು ತಲೆಯಾಡಿಸಿದ. ಅವನನ್ನು ಬಳ್ಳಾರಿ ಜೈಲಿಗೆ ಕರೆದೊಯ್ದರು. ವ್ಯಾನು ಹತ್ತುವಾಗ ಅವನು ಕಾವ್ಯಳಿಗೆ ಹೇಳಿದ್ದು ಒಂದೇ, ಮನೆಯಲ್ಲಿ ಒಂದೇ ಒಲೆಯಲ್ಲಿ ಅಡುಗೆ ಮಾಡು ಎಂದು. ಅವಳು ಹೂಂ ಅನ್ನಲಿಲ್ಲ.

ಮಲ್ಲೇಶ್ ಅಂಗಡಿ ಬಿಟ್ಟ. ಉಕ್ಕಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯವರ ಕೈಕೆಳಗೆ ಶಿಫ್ಟ್ ಕೆಲಸಕ್ಕೆ ಸೇರಿದ. ಆ ಸಂಬಳದಲ್ಲಿ ಮನೆ ನಡೆಯತೊಡಗಿತು. ಸ್ಕೋಪು ಏನು ಮಾಡುವುದೆಂದು ಕಾವ್ಯ ಕೇಳಿದರೆ, ಯಾರಾದರೂ ಕೇಳಿದರೆ ಕೊಟ್ಟುಬಿಡು ಎಂದ. ಯಾರೂ ಕೇಳಲಿಲ್ಲ.

ಕೆಲಸವಿಲ್ಲದ ಹಾಲಸ್ವಾಮಿ ಒಂದು ದಿನ ಅದಿರು ಲಾರಿಯೊಂದನ್ನು ಕೈಮಾಡಿ ಹತ್ತಿ ಘಾಟಿಗೆ ಹೋದ. ತಿರುವಿನಲ್ಲಿ ಚಹದಂಗಡಿ ಮತ್ತೆ ನಿಂತಿತ್ತು. ಹೊಸ ತಗಡು, ಅದರ ಮೇಲೆ ಆಗಲೇ ಕೆಂಪು ಧೂಳು. ಸುಂಕಲಮ್ಮ ಲಾರಿಯವರಿಗೆ ಚಹ ಸೋಸಿ ಕೊಡುತ್ತಿದ್ದಳು. ಜನ ಕರಗುವವರೆಗೆ ಅವನು ಕಲ್ಲಿನ ಮೇಲೆ ಕೂತು ಕಾದ. ಆಮೇಲೆ ಎದ್ದು, ತಾನು ಯಾರೆಂದು ಹೇಳಿದ. ವೈರು, ಕರೆಂಟಿಲ್ಲದ ಆ ದಿನ, ಹೊಸೆದು ಬಿಟ್ಟದ್ದು, ಆಮೇಲೆ ಕತ್ತರಿಸಿದ್ದು, ಯಾವುದನ್ನೂ ಬಿಡದೆ ಹೇಳಿದ. ನಿಮ್ಮ ಯಜಮಾನರನ್ನು ಕೊಂದವನು ನಾನು, ನನ್ನ ಅಳಿಯನಲ್ಲ ಎಂದ.

ಸುಂಕಲಮ್ಮ ಪೂರ್ತಿ ಕೇಳಿದಳು. ಲೋಟಗಳನ್ನು ಬಕೆಟ್ಟಿನಲ್ಲಿ ಅದ್ದಿ ತೆಗೆಯುತ್ತಾ ಅಂದಳು:

"ಅವತ್ತು ನಿಮ್ಮ ಅಳಿಯ ಬಂದು ಕಾಲ್ ಹಿಡಕೊಂಡು, ತಪ್ಪು ನಂದವ್ವ ಅಂದ. ನಾ ಅವನ್ನ ಬೈದೆ, ಮಣ್ಣು ತೂರಿದೆ. ಜೈಲಿಗೆ ಹೋದ ಅಂತ ಕೇಳಿ ಹೊಟ್ಟಿ ತಣ್ಣಗ ಮಾಡಿಕೊಂಡಿದ್ದೆ. ಈಗ ನೀವು ಬಂದು ಅವನಲ್ಲ, ನಾನು ಅಂತೀರಿ."

ಹಾಲಸ್ವಾಮಿ ತಲೆ ತಗ್ಗಿಸಿದ.

"ನನಗ ಇದ್ದದ್ದು ಅದೊಂದ ಸಮಾಧಾನ. ಅದನ್ನೂ ಕಸಗೊಂಡ್ರಿ. ಹೋಗ್ರಿ ಯಜಮಾನ್ರ. ಮತ್ತ ಈ ಕಡಿ ಬರಬ್ಯಾಡ್ರಿ."

ಅವನು ಲಾರಿಗೆ ಕೈ ಮಾಡಲಿಲ್ಲ. ಧೂಳಿನಲ್ಲಿ ನಡೆಯುತ್ತಾ ಘಾಟು ಇಳಿದ. ಮನೆ ಸೇರುವ ಹೊತ್ತಿಗೆ ತಲೆಯಿಂದ ಕಾಲಿನವರೆಗೆ ಕೆಂಪಾಗಿದ್ದ. ಕೊಟ್ರಬಸಮ್ಮ ಬಚ್ಚಲಿಗೆ ನೀರು ತೋಡಿ ಕೊಟ್ಟಳು.

ಜೈಲಿನಲ್ಲಿ ಭೇಟಿಗೆ ಅವಕಾಶ ಸಿಕ್ಕ ದಿನ ಕಾವ್ಯ ಬೆಳಿಗ್ಗೆ ಬೇಗ ಎದ್ದು ಗಂಡನ ಎರಡು ಅಂಗಿ, ಒಂದು ಟವೆಲು ಮಡಚಿ ಚೀಲಕ್ಕೆ ಹಾಕಿದಳು. ಹಾಲಸ್ವಾಮಿ ಆಗಲೇ ಸ್ನಾನ ಮಾಡಿ ಬಾಗಿಲಲ್ಲಿ ನಿಂತಿದ್ದ. ತಾನೂ ಬರುತ್ತೇನೆ ಎಂದ. ಬೇಡ ಎಂದಳು. ಬಸ್‌ಸ್ಟ್ಯಾಂಡಿನವರೆಗಾದರೂ ಬರುತ್ತೇನೆ ಎಂದ. ಅವಳು ಚಪ್ಪಲಿ ಮೆಟ್ಟಿ ಹೊರಟಳು. ಅವನು ಚೀಲ ಹಿಡಿದುಕೊಂಡು ಅವಳ ಹಿಂದೆ ನಡೆದ.

ಬಳ್ಳಾರಿ ಬಸ್ಸು ತುಂಬಿತ್ತು. ಕಾವ್ಯ ನೂಕಿಕೊಂಡು ಹತ್ತಿ ಕಿಟಕಿಯ ಪಕ್ಕ ಜಾಗ ಹಿಡಿದಳು. ಹಾಲಸ್ವಾಮಿ ಕೆಳಗಿನಿಂದ ಚೀಲ ಎತ್ತಿ ಕಿಟಕಿಯಲ್ಲಿ ಕೊಟ್ಟ. ಸರಳು ಹಿಡಿದುಕೊಂಡು ನಿಂತ.

"ಅವರಿಗೆ ಹೇಳವ್ವ," ಎಂದ.

"ಏನಂತ ಹೇಳ್ಲಿ ಅಪ್ಪ?"

ಅವಳು ಸಿಟ್ಟಿನಿಂದ ಕೇಳಿರಲಿಲ್ಲ. ಅಷ್ಟು ತಿಂಗಳುಗಳಲ್ಲಿ ಮೊದಲ ಸಲ ಅಪ್ಪನ ಮುಖವನ್ನು ನೇರವಾಗಿ ನೋಡುತ್ತಾ, ಅವನು ಏನು ಹೇಳಿದರೂ ಹಾಗೆಯೇ ಒಯ್ದು ಮುಟ್ಟಿಸುವವಳಂತೆ ಕೇಳಿದ್ದಳು. ಹಾಲಸ್ವಾಮಿಯ ತುಟಿ ಅಲುಗಿತು. ಕಂಡಕ್ಟರು ಸೀಟಿ ಊದಿದ. ಬಸ್ಸು ಚಲಿಸಿದಾಗ ಅವನು ಸರಳು ಬಿಡದೆ ನಾಲ್ಕು ಹೆಜ್ಜೆ ಜೊತೆಗೇ ನಡೆದ, ಬಾಯಿ ತೆರೆದೇ ಇತ್ತು. ಆಮೇಲೆ ಕೈ ಜಾರಿತು.

ಕಾವ್ಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಟಿಕೆಟಿನ ದುಡ್ಡು ತೆಗೆದು ಹಿಡಿದಳು.